ಹನ್ನೊಂದು ಸಾಲಿನ ತಿದ್ದುಪಡಿ

ನನ್ನ ನೆಗೆಣ್ಣಿ ಲೀಲಾಳ ರೊಟ್ಟಿ ನನ್ನ ರೊಟ್ಟಿಗಿಂತ ತೆಳ್ಳಗಾಗುತ್ತದೆ. ಅದನ್ನು ಹೇಗೋ ನುಂಗಿಕೊಂಡಿದ್ದೆ. ಅವಳ ರಂಗೋಲಿ, ಅವಳ ಜಡೆ, ಮೂರು ಮನೆ ಆಚೆಗೂ ಕೇಳಿಸುವ ಅವಳ ನಗು, ಎಲ್ಲವನ್ನೂ ನುಂಗಿಕೊಂಡಿದ್ದೆ. ಆದರೆ ಅವಳು ಬರೆಯುವ ಪ್ರೋಗ್ರಾಂ ಕೂಡ ನನ್ನದಕ್ಕಿಂತ ಚೆನ್ನಾಗಿರುತ್ತದೆ ಅಂದರೆ, ಹೆಣ್ಣಾದವಳು ಎಷ್ಟು ಅಂತ ನುಂಗಬೇಕು ಹೇಳಿ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಸುಲೋಚನಾ, ಗದಗಿನವಳು. ಸೂರ್ಯನ ಹೊಡೆತ ಬಿದ್ದ ವರ್ಷ 'ತಾಳೆ' ಅನ್ನುವ ಪ್ರೋಗ್ರಾಂ ಬರೆದವಳು ನಾನೇ. ಆ ವರ್ಷ ಸೂರ್ಯನ ಮೈಯಿಂದ ಎದ್ದ ಬಿರುಗಾಳಿ ಮೂರು ದಿನ ಭೂಮಿಯನ್ನು ಸವರಿಕೊಂಡು ಹೋಯಿತು. ಉಪಗ್ರಹಗಳು ಸತ್ತವು. ಉದ್ದನೆಯ ತಂತಿಗೆ ಅಂಟಿಕೊಂಡಿದ್ದೆಲ್ಲ ಸುಟ್ಟಿತು, ಅದರ ಜೊತೆ ಮೊಬೈಲ್ ಟವರುಗಳೂ ಹೋದವು. ಬಿಡಿಬಿಡಿಯಾಗಿದ್ದ ಸಣ್ಣ ವಸ್ತುಗಳು ಉಳಿದವು, ಅಂದರೆ ಜನರ ಕೈಯಲ್ಲಿದ್ದ ಮೊಬೈಲುಗಳು. ಅದರಲ್ಲಿ ಫೋನು ಮಾಡಲು ಬರುವುದಿಲ್ಲ, ಆದರೂ ಜನ ಇವತ್ತಿಗೂ ಅದನ್ನು ಮೊಬೈಲು ಅಂತಲೇ ಕರೆಯುತ್ತಾರೆ.

ಆ ಮೊಬೈಲಿನೊಳಗೆ ಒಂದು ಸಣ್ಣ ರೇಡಿಯೋ ಇರುತ್ತದೆ. ಅದರ ದನಿ ನಲವತ್ತು ಹೆಜ್ಜೆ ದೂರ ಹೋಗುತ್ತದೆ, ಅಷ್ಟೇ. ಆ ನಲವತ್ತು ಹೆಜ್ಜೆ ಸಾಕು ಅಂತ ಹೊಳೆದದ್ದು ನನಗೆ. ಇಬ್ಬರು ಬೀದಿಯಲ್ಲಿ ಎದುರಾದರೆ ಅವರ ಮೊಬೈಲುಗಳು ತಮ್ಮತಮ್ಮ ಪುಟಗಳನ್ನು ತಾಳೆ ನೋಡುತ್ತವೆ. ಇವಳಲ್ಲಿ ಇಲ್ಲದ್ದು ಅವಳಿಂದ ಬರುತ್ತದೆ, ಅವಳಲ್ಲಿ ಹಳತಾದದ್ದು ಇವಳಿಂದ ಹೊಸತಾಗುತ್ತದೆ. ಕಾಯಿಪಲ್ಯೆ ಮಾರುವವಳಿಂದ ಶಾಲೆಯ ಮೇಷ್ಟ್ರಿಗೆ, ಮೇಷ್ಟ್ರಿಂದ ಬಸ್ ಕಂಡಕ್ಟರಿಗೆ, ಕಂಡಕ್ಟರಿಂದ ರೋಣ, ಮುಂಡರಗಿ, ಕೊಪ್ಪಳ. ಪತ್ರ, ಲಗ್ನಪತ್ರಿಕೆ, ಆಸ್ಪತ್ರೆಯ ಚೀಟಿ, ಎಲ್ಲವೂ ಹೀಗೆ ಜನರ ಜೇಬಿನಲ್ಲೇ ಊರೂರು ತಿರುಗುತ್ತವೆ.

ತಾಳೆ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಹೊಟ್ಟೆ ಬಗೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಬೇರೆಬೇರೆ ಊರಿನ ಮೂವತ್ತು ಮಂದಿ ತಿದ್ದುಪಡಿ ಬರೆದು ಕಳಿಸುತ್ತಾರೆ. ಕಂಡಕ್ಟರುಗಳ ಮೊಬೈಲು ಹತ್ತಿ ಅವು ಗದಗಿನ ಬಸ್‌ಸ್ಟ್ಯಾಂಡಿಗೆ ಬರುತ್ತವೆ. ಬಸ್‌ಸ್ಟ್ಯಾಂಡಿನ ಮಹಡಿಯ ಮೇಲೆ, ಹಿಂದೆ ಪಾರ್ಸೆಲ್ ಇಡುತ್ತಿದ್ದ ಕೋಣೆಯಲ್ಲಿ, ಮೂರು ಹಳೆಯ ಕಂಪ್ಯೂಟರಿನ ನಡುವೆ ನಾನು ಕೂತಿರುತ್ತೇನೆ. ಓದಿ, ಪರೀಕ್ಷಿಸಿ, ಸರಿ ಇದ್ದರೆ ನನ್ನ ಮುದ್ರೆ ಒತ್ತುತ್ತೇನೆ. ಮುದ್ರೆ ಇಲ್ಲದ ತಿದ್ದುಪಡಿಯನ್ನು ಯಾವ ಮೊಬೈಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುದ್ರೆಯ ಕೀಲಿ ನನ್ನೊಬ್ಬಳ ಹತ್ತಿರ ಇತ್ತು. ಎಂಟು ವರ್ಷ ಬಸ್ಸಿನಲ್ಲಿ ಜನ ಎದ್ದು ನನಗೆ ಜಾಗ ಬಿಡುತ್ತಿದ್ದರು. ನನಗೆ ಅದು ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂಬತ್ತನೆಯ ವರ್ಷ ನನ್ನ ಮೈದುನ ಚನ್ನವೀರನ ಹೆಂಡತಿಯಾಗಿ ಇಳಕಲ್ಲಿನಿಂದ ಲೀಲಾ ಬಂದಳು.

ಬಂದು ತಿಂಗಳಾಗಿರಲಿಲ್ಲ, ರೊಟ್ಟಿ ಬಡಿಯುತ್ತ ಕೇಳಿದಳು. "ಅಕ್ಕಾರ, ತಾಳೆ ಒಳಗ ಏನೈತಿ, ನಾನೂ ನೋಡ್ಲೇನ್ರಿ?"

ಮುಕ್ತ ಅಂತ ಡಂಗುರ ಹೊಡೆದವಳು ಬೇಡ ಅನ್ನಲು ಬರುತ್ತದೆಯೇ. ನೋಡು ಅಂದೆ. ಬೇಸರ ಬಂದು ತಾನೇ ಬಿಡಲಿ ಅಂತ, ಯಾರೂ ಮುಟ್ಟದ ಕೆಲಸ ಕೊಟ್ಟೆ. ತಾಳೆ ಬ್ಯಾಟರಿಯನ್ನು ಬಹಳ ತಿನ್ನುತ್ತಿತ್ತು, ಅದನ್ನು ಕಡಿಮೆ ಮಾಡು ಅಂದೆ. ಮೂರು ವಾರದಲ್ಲಿ ಅರ್ಧಕ್ಕೆ ಇಳಿಸಿದಳು. ವಿಜಯಪುರದ ಗುಂಪಿನವರು ಒಂದು ಪತ್ರ ಕಳಿಸಿದರು, 'ಶ್ರೀಮತಿ ಲೀಲಾ ಅವರಿಗೆ ನಮ್ಮ ಊರಿನ ವತಿಯಿಂದ ಅಭಿನಂದನೆ' ಅಂತ. ಎಂಟು ವರ್ಷದಲ್ಲಿ ನನಗೆ ವಿಜಯಪುರದಿಂದ ಬಂದದ್ದು ದೂರುಗಳು ಮಾತ್ರ. ಆ ಪತ್ರವನ್ನು ನನ್ನ ಗಂಡ ಬಸವಂತ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರು.

ನಮ್ಮ ಅತ್ತೆ ಗೌರವ್ವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ. ಹನ್ನೆರಡು ವರ್ಷ ನಾನು ಆ ಮನೆಯ ಒಬ್ಬಳೇ ಸೊಸೆ, ಸೂಜಿ ಹಾಕುವವಳೂ ನಾನೇ. ಲೀಲಾ ಬಂದ ಮೇಲೆ ಅತ್ತೆ, "ನಿನಗ ಕೋಣಿ ಕೆಲಸ ಭಾಳ ಇರ್ತೈತಿ, ಲೀಲಾ ಹಾಕ್ಲಿ ಬಿಡು" ಅಂದರು. ನನ್ನ ಮೇಲಿನ ಕಾಳಜಿಯಿಂದ ಅಂದರೋ, ಅವಳ ಮೇಲಿನ ಮುದ್ದಿನಿಂದ ಅಂದರೋ ಅಂತ ನಾನು ಎಷ್ಟೋ ದಿನ ಲೆಕ್ಕ ಹಾಕಿದೆ. ಎಷ್ಟು ಹಾಕಿದರೂ ಮುದ್ದಿನ ಕಡೆಗೇ ಬರುತ್ತಿತ್ತು.

ಜೂನ್ ಹನ್ನೊಂದರಂದು ಲೀಲಾಳ ಹೊಸ ತಿದ್ದುಪಡಿ ನನ್ನ ಕೋಣೆಗೆ ಬಂತು. ಅದರ ತಲೆಯ ಮೇಲೆ 'ಗಡಿಯಾರವನ್ನು ನಂಬುವುದು ಬಿಡೋಣ' ಅಂತ ಬರೆದಿದ್ದಳು.

ಇಲ್ಲಿ ತಾಳೆಯ ಒಂದು ಗುಟ್ಟು ಹೇಳಬೇಕು. ಒಂದೇ ಪುಟವನ್ನು ಇಬ್ಬರು ತಿದ್ದಿದರೆ ಯಾರ ಮಾತು ನಿಲ್ಲಬೇಕು? ಕೊನೆಗೆ ತಿದ್ದಿದವರದು ಅಂತ ನಾನು ನಿಯಮ ಮಾಡಿದ್ದೆ. ಕೊನೆಗೆ ಯಾರು ಅಂತ ತಿಳಿಯಲು ಎರಡೂ ಮೊಬೈಲಿನ ಗಡಿಯಾರ ನೋಡಿದರಾಯಿತು. ಇಷ್ಟು ಸರಳ. ಲೀಲಾ ಬರೆದದ್ದು ಹೀಗಿತ್ತು: ಮೊದಲು ಟವರುಗಳು ಎಲ್ಲರಿಗೂ ಒಂದೇ ಸಮಯ ಹೇಳುತ್ತಿದ್ದವು, ಈಗ ಎಲ್ಲರೂ ಕೈಯಿಂದ ಇಟ್ಟುಕೊಳ್ಳುತ್ತಾರೆ, ನಮ್ಮ ಕಡೆ ಸರಿಯಾದ ಸಮಯ ಇಟ್ಟುಕೊಳ್ಳುವವರು ಯಾರಿದ್ದಾರೆ?

ನಿಜವೇ. ಬಸ್ಸು ತಪ್ಪಬಾರದು ಅಂತ ಕೆಲವರು ಹತ್ತು ನಿಮಿಷ ಮುಂದಿಡುತ್ತಾರೆ, ಮಕ್ಕಳಿಗೆ ಶಾಲೆಗೆ ತಡವಾಗಬಾರದು ಅಂತ ಕೆಲವರು ಕಾಲು ಗಂಟೆ. ನಮ್ಮ ಮನೆಯಲ್ಲಿ ಅತ್ತೆಯ ಅಪ್ಪಣೆಯಂತೆ ಗೋಡೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದೆ. ಮನೆಯ ಮೊಬೈಲುಗಳೆಲ್ಲ ಅದನ್ನೇ ನೋಡಿ ಇಟ್ಟವು. ನನ್ನದೂ ಹಾಗೇ. ದಿನಾ ಬೆಳಿಗ್ಗೆ ಸುಳ್ಳು ಸಮಯ ನೋಡಿ ಮನಸ್ಸಿನಲ್ಲೇ ಇಪ್ಪತ್ತು ಕಳೆಯುತ್ತಿದ್ದವಳು ನಾನು, ಪ್ರೋಗ್ರಾಂ ಬರೆಯುವಾಗ ಮಾತ್ರ ಊರಿನ ಗಡಿಯಾರಗಳನ್ನೆಲ್ಲ ಕಣ್ಣು ಮುಚ್ಚಿ ನಂಬಿದ್ದೆ. ಗಡಿಯಾರ ಮುಂದಿಟ್ಟವರ ಮಾತೇ ಯಾವಾಗಲೂ ಗೆಲ್ಲುತ್ತಿತ್ತು.

ಲೀಲಾಳ ಉಪಾಯದಲ್ಲಿ ಸಮಯದ ಗೊಡವೆಯೇ ಇರಲಿಲ್ಲ. ಪುಟ ತಿದ್ದುವ ಮುಂಚೆ ಅದರ ಎಷ್ಟನೆಯ ರೂಪವನ್ನು ನೋಡಿದ್ದೆ ಅಂತ ಪ್ರತಿ ಮೊಬೈಲು ಒಂದು ಸಂಖ್ಯೆ ಬರೆದಿಡುತ್ತದೆ. ನನ್ನ ಪುಟ ನೋಡಿ ನೀನು ತಿದ್ದಿದ್ದರೆ ನಿನ್ನದು ನಿಲ್ಲುತ್ತದೆ. ಒಬ್ಬರದನ್ನು ಒಬ್ಬರು ನೋಡದೆ ಇಬ್ಬರೂ ತಿದ್ದಿದ್ದರೆ ತಾಳೆ ತಾನಾಗಿ ಏನೂ ತೀರ್ಮಾನಿಸುವುದಿಲ್ಲ. ಎರಡನ್ನೂ ಕೆಂಪು ಗೆರೆ ಹಾಕಿ ತೋರಿಸಿ, ನೀವೇ ವಿಚಾರಿಸಿಕೊಳ್ಳಿ ಅನ್ನುತ್ತದೆ. ಇಡೀ ತಿದ್ದುಪಡಿ ಹನ್ನೊಂದು ಸಾಲು.

ಒಂದು ಸಲ ಓದಿದ್ದಕ್ಕೇ ಸರಿ ಅಂತ ತಿಳಿಯಿತು. ಎರಡನೆಯ ಸಲ ಓದಿದಾಗ ಹೊಟ್ಟೆಯೊಳಗೆ ಬೆಂಕಿ ಬಿತ್ತು. ನಾನು ಒಂಬತ್ತು ವರ್ಷ ಕಾಣದ್ದನ್ನು ಇವಳು ನಿನ್ನೆ ಮೊನ್ನೆ ಬಂದು ಕಂಡಳಲ್ಲ. ಇನ್ನು ತಾಳೆ ಅಂದರೆ ಲೀಲಾ ಅಂತಲೇ ಆಗುತ್ತದೆ ಅನ್ನಿಸಿತು. ಅದನ್ನು ಮುಚ್ಚಿಟ್ಟೆ.

ಅವತ್ತು ಸಂಜೆ ತಟ್ಟೆ ಹಾಕುವಾಗ ಅವಳು ಕೇಳಿದಳು. "ಅಕ್ಕಾರ, ನಾ ಕಳಿಸಿದ್ದು ಓದಿದ್ರೇನ್ರಿ?"

"ಇನ್ನೂ ಇಲ್ಲವಾ. ಕೆಲಸ ಭಾಳ ಐತಿ."

"ಅವಸರ ಇಲ್ರಿ" ಅಂದಳು. ಅವಳ ಈ ಒಳ್ಳೆಯತನ ಕಂಡರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

ಮರುದಿನದಿಂದ ಅದೇ ಉಪಾಯವನ್ನು ನನ್ನ ರೀತಿಯಲ್ಲಿ ಬರೆಯಲು ಕೂತೆ, ನನ್ನ ಹೆಸರಿನಲ್ಲಿ. ಅವಳದನ್ನು ನೋಡಿಯೇ ಇಲ್ಲ ಅನ್ನುವ ಹಾಗೆ ಇರಬೇಕಾಗಿತ್ತು, ಅದಕ್ಕೆ ಎಲ್ಲವನ್ನೂ ಸುತ್ತುಬಳಸಿ ಬರೆದೆ. ಆರು ದಿನ ಹೆಣಗಿದೆ. ಇನ್ನೂರ ಮೂವತ್ತು ಸಾಲಾಯಿತು, ಪರೀಕ್ಷೆಗೆ ಹಚ್ಚಿದರೆ ಮೂರು ಕಂಪ್ಯೂಟರೂ ಒಟ್ಟಿಗೆ ನಿಂತುಹೋದವು. ಅಳಿಸಿ ಮತ್ತೆ ಶುರು ಮಾಡಿದೆ. ಜೂನ್ ಹೀಗೆ ಕಳೆಯಿತು.

ಜುಲೈ ಮೊದಲ ಮಂಗಳವಾರ ಆಸ್ಪತ್ರೆಯ ಡಾಕ್ಟರ್ ನದಾಫ್ ಅತ್ತೆಯ ರಕ್ತಪರೀಕ್ಷೆ ನೋಡಿದರು. ಸಕ್ಕರೆ ತೀರಾ ಇಳಿಯುತ್ತಿತ್ತು. ಸೂಜಿಗೆ ಇಪ್ಪತ್ತೆರಡು ಯೂನಿಟ್ ಇದ್ದ ಇನ್ಸುಲಿನ್ನನ್ನು ಹನ್ನೆರಡಕ್ಕೆ ಇಳಿಸಿ, ಬೆಳಿಗ್ಗೆ ಎಂಟು ಹತ್ತಕ್ಕೆ ತಮ್ಮ ಮೊಬೈಲಿನಲ್ಲಿ ಅತ್ತೆಯ ಔಷಧದ ಪುಟ ತಿದ್ದಿದರು. ಆಸ್ಪತ್ರೆಯ ಕಡತದ ಕಾಗದದ ಮೇಲೂ ಬರೆದರು. ಅದಕ್ಕೆ ಹತ್ತು ನಿಮಿಷ ಮುಂಚೆ, ಅಂದರೆ ಸರಿಯಾಗಿ ಎಂಟಕ್ಕೆ, ಲೀಲಾ ಮನೆಯಲ್ಲಿ ಎಂದಿನಂತೆ ಇಪ್ಪತ್ತೆರಡು ಹಾಕಿ ಅದೇ ಪುಟದಲ್ಲಿ ಬರೆದಿದ್ದಳು. ಅವಳ ಮೊಬೈಲಿನಲ್ಲಿ ಆಗ ಎಂಟು ಇಪ್ಪತ್ತು.

ಮಧ್ಯಾಹ್ನ ಡಾಕ್ಟರ ಪುಟ ಯಾರದೋ ಜೇಬಿನಲ್ಲಿ ನಮ್ಮ ಓಣಿಗೆ ಬಂತು. ತಾಳೆ ಎರಡೂ ಪುಟದ ಸಮಯ ನೋಡಿತು. ಎಂಟು ಇಪ್ಪತ್ತೇ ಕೊನೆಯದು ಅಂತ ಡಾಕ್ಟರ ಹನ್ನೆರಡನ್ನು ಅಳಿಸಿಹಾಕಿತು. ಸಂಜೆಯೂ ಇಪ್ಪತ್ತೆರಡು, ಬುಧವಾರ ಬೆಳಿಗ್ಗೆಯೂ ಇಪ್ಪತ್ತೆರಡು. ಹನ್ನೊಂದು ಗಂಟೆಗೆ ಅತ್ತೆ ಹಿತ್ತಲ ಬಾಗಿಲಲ್ಲಿ ಬೆವರಿ ಕುಸಿದುಬಿದ್ದರು.

ಲೀಲಾಳೇ ಅವರ ವಸಡಿಗೆ ಸಕ್ಕರೆ ಉಜ್ಜಿ, ಆಟೋ ನಿಲ್ಲಿಸಿ ಆಸ್ಪತ್ರೆಗೆ ಒಯ್ದಳು. ನಾನು ಕೋಣೆಯಿಂದ ಓಡಿ ಹೋಗುವಷ್ಟರಲ್ಲಿ ಗ್ಲೂಕೋಸ್ ಏರಿಸಿದ್ದರು, ಅತ್ತೆ ಕಣ್ಣು ಬಿಟ್ಟಿದ್ದರು. ಡಾಕ್ಟರ್ ನದಾಫ್ ಕಡತ ಹಿಡಿದುಕೊಂಡು ಬಂದರು.

"ಹನ್ನೆರಡು ಅಂತ ನಾ ಬರದೀನಲ್ಲರಿ. ಇಪ್ಪತ್ತೆರಡು ಯಾಕ ಹಾಕಿದ್ರಿ?"

"ಪುಟದಾಗ ಇಪ್ಪತ್ತೆರಡ ಇತ್ರಿ" ಅಂದಳು ಲೀಲಾ.

ಡಾಕ್ಟರು ತಮ್ಮ ಮೊಬೈಲು ತೆಗೆದು ನೋಡಿದರು. ಪುಟದಲ್ಲಿ ಹಿಂದಿನ ದಿನ ಬೆಳಗಿನ ಸಾಲು ಸ್ಪಷ್ಟವಾಗಿತ್ತು. 'ಮಂಗಳವಾರ 8:20, ಲೀಲಾ, 22.' ಕಾಗದದಲ್ಲಿ ಡಾಕ್ಟರು ಬರೆದ ಸಮಯ 8:10. ನೋಡಿದವರಿಗೆ ಒಂದೇ ಅರ್ಥ ಹೊಳೆಯುತ್ತಿತ್ತು: ಡಾಕ್ಟರು ಇಳಿಸಿದ ಹತ್ತು ನಿಮಿಷಕ್ಕೆ ಇವಳು ತನ್ನಿಷ್ಟಕ್ಕೆ ಏರಿಸಿದ್ದಾಳೆ.

ಚನ್ನವೀರನ ಮುಖ ಕಪ್ಪಿಟ್ಟಿತು. ಲೀಲಾ ನನ್ನ ಕಡೆ ತಿರುಗಿದಳು. "ಅಕ್ಕಾರ, ಇದು ಗಡಿಯಾರದ್ದ ಅಲ್ಲೇನ್ರಿ? ನಮ್ಮನಿ ಗಡಿಯಾರ ಇಪ್ಪತ್ತು ನಿಮಿಷ ಮುಂದೈತಿ."

ಬಸವಂತ ನನ್ನನ್ನು ಕೇಳಿದರು. "ಹೌದೇನ ಸುಲೋಚನಾ? ಗಡಿಯಾರದಿಂದ ಹಿಂಗ ಆಗಬಹುದೇನ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ತಾಳೆಯ ವಿಷಯದಲ್ಲಿ ನನ್ನ ಮಾತೇ ಕೊನೆ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಮೇಲೆ ಯಾರಾದರೂ ಕೇಳುತ್ತಿದ್ದರು, ಗೊತ್ತಿದ್ದೂ ಯಾಕೆ ಸರಿಮಾಡಲಿಲ್ಲ ಅಂತ. ಅದೊಂದೇ ಕಾರಣ ಅಂದರೆ ಅದೂ ಸುಳ್ಳು. ಎಲ್ಲರ ಕಣ್ಮಣಿಯಾದವಳು ಮೊದಲ ಸಲ ತಲೆ ತಗ್ಗಿಸಿ ನಿಂತಿದ್ದಳು, ಅದನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಅನ್ನಿಸಿತು ನನಗೆ.

"ನೋಡಬೇಕ್ರಿ" ಅಂದೆ. "ಪರೀಕ್ಷೆ ಮಾಡದ ಹೆಂಗ ಹೇಳೂದು."

ಶನಿವಾರ ಅತ್ತೆ ಮನೆಗೆ ಬಂದರು. ಸಂಜೆ ಲೀಲಾ ಸೂಜಿ ಹಿಡಿದು ಹತ್ತಿರ ಹೋದರೆ ಸೆರಗಿನೊಳಗೆ ತೋಳು ಎಳೆದುಕೊಂಡರು. "ಸುಲೋಚನಾ, ಇನ್ನ ಮ್ಯಾಲೆ ನೀನ ಹಾಕವಾ. ನಿನ್ನ ಕೈ ಮ್ಯಾಲೆ ನನಗ ನಂಬಿಕಿ."

ಆ ಮಾತಿಗೆ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಿದರೆ ನೀವು ಮುಖಕ್ಕೆ ಉಗಿಯುತ್ತೀರಿ. ಸಂತೋಷವಾಯಿತು. ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ಒಂಬತ್ತು ದಿನ ಹೀಗೆ ನಡೆಯಿತು. ಲೀಲಾಳ ನಗು ನಿಂತಿತು. ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಚನ್ನವೀರ ಮಾತು ಬಿಟ್ಟಿದ್ದ. ಓಣಿಯಲ್ಲಿ ಇನ್ನೂ ನಾಲ್ಕು ಮನೆಯ ಮುದುಕರಿಗೆ ಅವಳು ಸೂಜಿ ಹಾಕುತ್ತಿದ್ದಳು, ಅವರೂ ಬೇಡ ಅಂದರು. ಕೊನೆಗೆ ಅತ್ತೆ ಒಂದು ದಿನ, "ಮಂಗಳವಾರ ಇಳಕಲ್ ಬಸ್ಸಿಗೆ ಹತ್ತಿಸಿ ಬಾರೋ ಚನ್ನವೀರ. ಸ್ವಲ್ಪ ದಿವಸ ತವರಾಗ ಇರ್ಲಿ" ಅಂದರು. ಸ್ವಲ್ಪ ದಿವಸ ಅಂದರೆ ಎಷ್ಟು ದಿವಸ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಲೀಲಾ ಬಸ್‌ಸ್ಟ್ಯಾಂಡಿನ ಮಹಡಿ ಹತ್ತಿ ನನ್ನ ಕೋಣೆಗೆ ಬಂದಳು. ಬೇಡಿಕೊಳ್ಳಲು ಬಂದಿದ್ದಾಳೆ ಅಂದುಕೊಂಡು ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

"ಅಕ್ಕಾರ, ನಾಳೆ ಹೊಂಟೀನಿ. ಒಂದು ಮಾತು ಹೇಳಿ ಹೋಗಬೇಕಂತ ಬಂದೆ."

"ಹೇಳು."

"ನನ್ನ ತಿದ್ದುಪಡಿ ಐತಲ್ರಿ, ಅದನ್ನ ನಿಮ್ಮ ಹೆಸರಿಲೇ ಕಳಿಸಿಬಿಡ್ರಿ. ನನ್ನ ಹೆಸರು ನೋಡಿದ್ರ ಈಗ ಯಾರೂ ನಂಬಂಗಿಲ್ಲ. ನಿಮ್ಮದಂದ್ರ ಎಲ್ಲಾರೂ ಹಾಕ್ಕೋತಾರ. ಇವತ್ತೂ ಎಲ್ಲೋ ಒಂದು ಮನಿಯಾಗ ಹಿಂಗ ಆಗಾಕತ್ತಿರ್ತೈತಿ."

"ನಿನ್ನ ಕೆಲಸಕ್ಕ ನನ್ನ ಹೆಸರು ಯಾಕ?"

"ಇರ್ಲಿ ಬಿಡ್ರಿ. ತಾಳೆ ನಿಮ್ಮದ ಅಲ್ಲೇನ್ರಿ."

ಇಷ್ಟು ಹೇಳಿ ಇಳಿದುಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತೆ. ಎಂಥ ಚೆಂದದ ದಾರಿ ತೋರಿಸಿ ಹೋಗಿದ್ದಳು. ತಾಳೆಯಲ್ಲಿ ನಾನೇ ಇಟ್ಟ ಒಂದು ನಿಯಮವಿದೆ: ಯಾರೂ ತಿದ್ದುಪಡಿಗಳನ್ನು ಕೊಳೆಹಾಕಬಾರದು ಅಂತ, ಕೀಲಿ ಹಿಡಿದವಳು ತೆರೆದು ಓದಿದ ತಾರೀಖು ತಾನಾಗಿ ಅದರ ಮೇಲೆ ಬೀಳುತ್ತದೆ. ಲೀಲಾಳ ತಿದ್ದುಪಡಿಗೆ ಮುದ್ರೆ ಒತ್ತಿದರೆ 'ಓದಿದ್ದು: ಜೂನ್ 11' ಅನ್ನುವುದು ಊರೂರಿಗೆ ಹೋಗುತ್ತದೆ. ಅದೇ ಹನ್ನೊಂದು ಸಾಲನ್ನು ಹೊಸದಾಗಿ ನನ್ನ ಹೆಸರಿನಲ್ಲಿ ಬರೆದರೆ ಇವತ್ತಿನ ತಾರೀಖು ಬೀಳುತ್ತದೆ. ತಪ್ಪು ಗಡಿಯಾರದ್ದು ಅಂತ ನಾನೇ ಕಂಡುಹಿಡಿದ ಹಾಗಾಗುತ್ತದೆ. ಲೀಲಾಳ ಅಪವಾದವೂ ಕಳೆಯುತ್ತದೆ, ವಿಜಯಪುರದಿಂದ ನನಗೂ ಪತ್ರ ಬರುತ್ತದೆ. ಯಾರಿಗೂ ನಷ್ಟವಿಲ್ಲ.

ಏಳು ಸಾಲು ನೋಡಿಕೊಂಡು ಬರೆದೆ. ಎಂಟನೆಯ ಸಾಲಿಗೆ ಕೈ ನಿಂತಿತು.

ನನಗೆ ಒಮ್ಮೆಲೇ ಒಳ್ಳೆಯ ಬುದ್ಧಿ ಬಂತು ಅಂತ ತಿಳಿಯಬೇಡಿ. ತಡೆದದ್ದು ಹೊಟ್ಟೆಕಿಚ್ಚೇ. ಇದನ್ನು ಅವಳ ಕೈಯಿಂದ ಇಸಿದುಕೊಂಡರೆ ಸಾಯುವ ತನಕ ಅವಳ ದಾನದಲ್ಲಿ ಬದುಕಬೇಕು. ಬಸ್ಸಿನಲ್ಲಿ ಜನ ಎದ್ದು ಜಾಗ ಬಿಟ್ಟಾಗೆಲ್ಲ ಇದು ಲೀಲಾ ಕೊಟ್ಟ ಜಾಗ ಅಂತ ಕೂರಬೇಕು. ರೊಟ್ಟಿಯಲ್ಲಿ ಸೋತೆ, ಪ್ರೋಗ್ರಾಮಿನಲ್ಲಿ ಸೋತೆ, ದೊಡ್ಡತನದಲ್ಲೂ ಅವಳಿಗೆ ಸೋಲಬೇಕೇ. ಅದಕ್ಕಿಂತ ಊರೆಲ್ಲ ಉಗಿದರೂ ಚಿಂತೆಯಿಲ್ಲ ಅನ್ನಿಸಿತು.

ಬರೆದ ಏಳು ಸಾಲು ಅಳಿಸಿದೆ. ಲೀಲಾಳ ತಿದ್ದುಪಡಿಯನ್ನು ಅವಳ ಹೆಸರಿನಲ್ಲೇ, ತಾರೀಖಿನ ಸಮೇತ ತೆಗೆದು, ಕೆಳಗೆ ಟಿಪ್ಪಣಿ ಬರೆದೆ. 'ಇದನ್ನು ಜೂನ್ ಹನ್ನೊಂದರಂದೇ ಓದಿದ್ದೆ. ಸರಿ ಇದೆ ಅಂತ ಅಂದೇ ತಿಳಿದಿತ್ತು. ಬರೆದವಳ ಮೇಲಿನ ಹೊಟ್ಟೆಕಿಚ್ಚಿನಿಂದ ತಡೆದೆ. ಈ ನಡುವೆ ನಮ್ಮ ಅತ್ತೆಗೆ ತಪ್ಪು ಪ್ರಮಾಣದ ಔಷಧ ಹೋಯಿತು. ತಪ್ಪು ಲೀಲಾಳದಲ್ಲ, ನನ್ನದು. ಸುಲೋಚನಾ.' ಮುದ್ರೆ ಒತ್ತಿದೆ. ಕಿಟಕಿಯ ಕೆಳಗೆ ಮುಂಡರಗಿ ಬಸ್ಸು ಹೊರಡುವುದರಲ್ಲಿತ್ತು. ಅದರ ಕಂಡಕ್ಟರನ ಮೊಬೈಲು ಎರಡು ಸಲ ಕೂಗಿದ್ದು ಮಹಡಿಯ ತನಕ ಕೇಳಿಸಿತು. ಹೊಸ ತಿದ್ದುಪಡಿ ಬಂದರೆ ಅದು ಹಾಗೆ ಕೂಗುತ್ತದೆ. ಇನ್ನು ಅದನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ನಡೆದೆ. ಲೀಲಾಳಿಗೆ ಮೊದಲು ಹೇಳುವುದೋ, ಅತ್ತೆಗೋ. ನನ್ನ ಜೇಬಿನ ಮೊಬೈಲು ನನಗಾಗಿ ಕಾಯುತ್ತದೆಯೇ. ಮನೆಯ ಮೆಟ್ಟಿಲಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಒಳಗೆ ಒಂದು ಮೊಬೈಲು ಎರಡು ಸಲ ಕೂಗಿತು. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಲೀಲಾ ಹಿಟ್ಟು ಮೆತ್ತಿದ ಕೈಯಲ್ಲಿ ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಓದಿ ಮುಗಿಸಿ ತಲೆ ಎತ್ತಿದಳು. "ಅವತ್ತ ಸಂಜೀಕ ನಾ ಕೇಳಿದ್ನಿ. ಓದಿಲ್ಲ ಅಂದ್ರಿ."

"ಹೌದು."

"ದವಾಖಾನ್ಯಾಗೂ ಗೊತ್ತಿತ್ತು ನಿಮಗ."

"ಗೊತ್ತಿತ್ತು."

ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮೊಬೈಲನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು. "ಅತ್ತಿಯವರಿಗೆ ನೀವ ಹೇಳ್ರಿ" ಅಂದಳು. "ನಾ ಹೇಳಂಗಿಲ್ಲ."

ಪಡಸಾಲೆಯಲ್ಲಿ ಅತ್ತೆ ಮಂಚದ ಮೇಲೆ ಕೂತಿದ್ದರು. ಸೂಜಿಯ ಹೊತ್ತಾಗಿತ್ತು. ನಾನು ಕೈ ತೊಳೆದು, ಬಾಟಲಿಯಿಂದ ಹನ್ನೆರಡು ಎಳೆದು, ಅವರ ಪಕ್ಕ ಕೂತೆ. ಅವರು ನಂಬಿಕೆಯಿಂದ ತೋಳು ಚಾಚಿದರು. ಆ ತೋಳನ್ನು ಹಿಡಿದುಕೊಂಡೇ ಎಲ್ಲ ಹೇಳಿದೆ. ಗಡಿಯಾರದ್ದು, ಜೂನ್ ಹನ್ನೊಂದರದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದು.

ಅತ್ತೆ ಗೋಡೆಯ ಗಡಿಯಾರದ ಕಡೆ ನೋಡಿದರು. "ಬಸವಂತ ಕೇಳಿದಾಗೂ ನಿನಗ ಗೊತ್ತಿತ್ತಾ?"

"ಹೌದ್ರಿ ಅತ್ತಿ."

"ನಾ ಸತ್ತಿದ್ರ?"

ಅತ್ತೆ ತಮ್ಮ ತೋಳನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಸಿಟ್ಟಿನಿಂದ ಎಳೆದುಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಲೀಲಾ" ಅಂತ ಕರೆದರು. "ಬಾರವಾ ಇಲ್ಲೆ. ನೀನ ಹಾಕು. ನಾಳೆ ಇಳಕಲ್ಲಿಗೆ ಹೋಗೂದೇನ ಬ್ಯಾಡ."

ಲೀಲಾ ಕೈ ತೊಳೆದುಕೊಂಡು ಬಂದಳು. ನಾನು ಎದ್ದು ಜಾಗ ಬಿಟ್ಟೆ, ಸೂಜಿಯನ್ನು ಅವಳ ಕೈಗೆ ಕೊಟ್ಟೆ. ಕೊಡುವಾಗಲೂ ಹೊಟ್ಟೆ ಉರಿಯುತ್ತಿತ್ತು, ಆದರೂ ಕೊಟ್ಟೆ. ಅವಳು ಮಂಚದ ಮೇಲೆ ಕೂತು, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾನು ತುಂಬಿದ ಔಷಧದ ಗೆರೆಗಳನ್ನು ಒಂದೊಂದಾಗಿ ಎಣಿಸಿದಳು. ಹನ್ನೆರಡು ಸರಿಯಾಗಿತ್ತು. ಆದರೂ ಇನ್ನೊಂದು ಸಲ ಎಣಿಸಿದಳು, ಅತ್ತೆ ಬೇಡ ಅನ್ನಲಿಲ್ಲ.